ನಾನು ತೋರಿಸಿಕೊಟ್ಟ ಮರಳುದಿಣ್ಣೆ

ರೆಕ್ಕೆ ಕತ್ತರಿಸಿದ ಮೀನಿನ ಉದ್ದ ಅಳೆಯಬಹುದು, ತೂಕ ನೋಡಬಹುದು, ಹೊಟ್ಟೆ ಸೀಳಿ ಏನು ತಿಂದಿತ್ತೆಂದು ಬರೆದುಕೊಳ್ಳಬಹುದು. ಅದು ಯಾವ ಜಾತಿಯದೆಂದು ಹೇಳುವುದು ಮಾತ್ರ ಕಷ್ಟ. ವಿಶಾಖಪಟ್ಟಣದ ಮೀನು ಬಂದರಿನಲ್ಲಿ ಅಂಥದೊಂದನ್ನು ಮೊದಲ ಸಲ ನೋಡಿದ ಬೆಳಿಗ್ಗೆ ನನಗೆ ಹೊಳೆದದ್ದು ಇಷ್ಟೇ. ನನ್ನ ಪುಸ್ತಕದಲ್ಲಿ ‘ರೆಕ್ಕೆ ಇಲ್ಲ, ಗುರುತು ಹಿಡಿಯಲಾಗಲಿಲ್ಲ’ ಎಂದು ಬರೆದು ಮುಂದಿನ ರಾಶಿಗೆ ಹೋದೆ. ಹೆದರಬೇಕಿತ್ತು. ಹೆದರಲಿಲ್ಲ.

ನಾನು ಅಲ್ಲಿಗೆ ಬಂದು ಆಗ ನಾಲ್ಕು ತಿಂಗಳಾಗಿತ್ತು. ಒಂದು ಸಂಶೋಧನಾ ಸಂಸ್ಥೆಯಲ್ಲಿ ಎರಡು ವರ್ಷದ ಗುತ್ತಿಗೆ ಕೆಲಸ. ಆ ಕರಾವಳಿಯಲ್ಲಿ ಎಷ್ಟು ಬಗೆಯ ಗಿಟಾರ್ ಮೀನುಗಳು ಸಿಗುತ್ತವೆ, ಎಲ್ಲಿ ಸಿಗುತ್ತವೆ, ಯಾವ ತಿಂಗಳಲ್ಲಿ ಮರಿ ಹಾಕುತ್ತವೆ ಎಂದು ಪಟ್ಟಿ ಮಾಡಿ ಕೊಡಬೇಕು. ಗಿಟಾರ್ ಮೀನೆಂದರೆ ಮುಂದಿನಿಂದ ನೋಡಿದರೆ ತಟ್ಟೆಯಂತೆ ಚಪ್ಪಟೆಯಾದ ತೊರಕೆ ಮೀನು, ಹಿಂದಿನಿಂದ ನೋಡಿದರೆ ಶಾರ್ಕ್. ತಲೆ ಸಲಿಕೆಯ ಹಾಗೆ ಚಪ್ಪಟೆ, ಬಾಲ ದಪ್ಪ, ಬೆನ್ನ ಮೇಲೆ ಎರಡು ರೆಕ್ಕೆ. ತಿರುಗಿಸಿ ಹಾಕಿದರೆ ಕಿವಿರಿನ ಸೀಳುಗಳು ಹೊಟ್ಟೆಯ ಕಡೆಗಿರುತ್ತವೆ. ಆದ್ದರಿಂದ ಅದು ತೊರಕೆಯ ಬಳಗವೇ. ಶಾರ್ಕಿನಂತೆ ಕಾಣುವ ಆ ಎರಡು ರೆಕ್ಕೆಗಳೇ ಅದಕ್ಕೆ ಶತ್ರು. ಒಣಗಿಸಿ ಹೊರದೇಶಕ್ಕೆ ಕಳಿಸುವವರಿಗೆ ಬೇಕಾದದ್ದು ಅವು. ಮಾಂಸ ಯಾರಿಗೂ ದೊಡ್ಡ ವಿಷಯವಲ್ಲ.

ದಿನದ ಕೆಲಸ ಬೆಳಿಗ್ಗೆ ಐದಕ್ಕೆ ಶುರು. ಎಂವಿಪಿ ಕಾಲೋನಿಯ ಕೋಣೆಯಿಂದ ಸ್ಕೂಟರಿನಲ್ಲಿ ಹೊರಟು, ಹಡಗುಗಳ ದೊಡ್ಡ ಬಂದರಿನ ಗೋಡೆ ದಾಟಿ, ಅದಿರಿನ ಕೆಂಪು ಧೂಳು ಕುಳಿತ ರಸ್ತೆಯಲ್ಲಿ ಮೀನು ಬಂದರಿಗೆ ತಿರುಗುತ್ತಿದ್ದೆ. ದೋಣಿಗಳು ಮೀನು ಇಳಿಸುವುದಕ್ಕೂ ಹರಾಜು ಕೂಗಿ ಮುಗಿಯುವುದಕ್ಕೂ ನಡುವೆ ಸಿಗುವ ಸಮಯ ಕಡಿಮೆ. ಅಷ್ಟರಲ್ಲಿ ಟೇಪು ಹಿಡಿದು ಮೂತಿಯ ತುದಿಯಿಂದ ಬಾಲದ ತುದಿಯವರೆಗೆ ಅಳೆಯಬೇಕು. ಮೂಗಿನ ಎರಡು ಹೊಳ್ಳೆಗಳ ನಡುವಿನ ಅಂತರ, ಮೂತಿಯ ಮೇಲಿನ ಏಣುಗಳು ಹತ್ತಿರವಿವೆಯೋ ದೂರವಿವೆಯೋ, ಬೆನ್ನಿನ ನಡುಗೆರೆಯಲ್ಲಿ ಮುಳ್ಳುಗಳಿವೆಯೋ ಇಲ್ಲವೋ, ಮೊದಲ ಬೆನ್ನುರೆಕ್ಕೆ ಎಲ್ಲಿಂದ ಏಳುತ್ತದೆ ಇವೆಲ್ಲ ಬರೆದುಕೊಳ್ಳಬೇಕು. ಕೊನೆಗೆ ರೆಕ್ಕೆಯ ಹಿಂದಿನಿಂದ ಅಕ್ಕಿಕಾಳಿನಷ್ಟು ಮಾಂಸ ಕತ್ತರಿಸಿ ಆಲ್ಕೋಹಾಲಿನ ಸೀಸೆಗೆ ಹಾಕಿ ನಂಬರು ಅಂಟಿಸಬೇಕು. ಜಾತಿ ನಿರ್ಣಯಕ್ಕೆ ಕಣ್ಣು ಮೋಸ ಹೋದರೂ ಆ ಚೂರು ಮೋಸ ಹೋಗುವುದಿಲ್ಲ.

ಹರಾಜು ಕೂಗುತ್ತಿದ್ದ ಹೆಂಗಸೊಬ್ಬಳು ಮೊದಲ ವಾರ ನನ್ನನ್ನು ಹತ್ತಿರ ಬಿಟ್ಟುಕೊಳ್ಳಲಿಲ್ಲ. ಐವತ್ತು ದಾಟಿದ ವಯಸ್ಸು, ದಪ್ಪ ಗಂಟಲು. ಈ ಮೀನುಗಳಲ್ಲಿ ಕೆಲವು ಬಗೆಗಳು ಕಾನೂನಿನಲ್ಲಿ ಹುಲಿ ಇರುವ ಪಟ್ಟಿಯಲ್ಲೇ ಇವೆ ಎಂಬುದು ಅಲ್ಲಿ ಎಲ್ಲರಿಗೂ ಗೊತ್ತು. ಯಾವ ಬಗೆಗಳು ಎಂಬುದು ಮಾತ್ರ ಯಾರಿಗೂ ಸರಿಯಾಗಿ ಗೊತ್ತಿಲ್ಲ.

“ಫಾರೆಸ್ಟಿನವಳಾ ನೀನು?” ಎಂದು ಎಲ್ಲರಿಗೂ ಕೇಳುವಂತೆ ಕೇಳಿದಳು.

“ಅಲ್ಲಕ್ಕಾ, ಎಷ್ಟು ಬಗೆ ಇದೆ ಅಂತ ಬರ್ಕೊಳ್ಳೋಕೆ ಬಂದವಳು” ಎಂದೆ, ನನ್ನ ಹರಕು ತೆಲುಗಿನಲ್ಲಿ.

“ಬರ್ಕೋ. ಏಳು.”

ನನ್ನ ಕೈಯಲ್ಲಿದ್ದ ಪಟ್ಟಿಯಲ್ಲಿ ಆರೇ ಇದ್ದವು. ಅವಳಿಗೆ ಪುಸ್ತಕದ ಹೆಸರುಗಳು ಬೇಕಿರಲಿಲ್ಲ. ಉದ್ದ ಮೂತಿಯದು, ಮೊಂಡು ಮೂತಿಯದು, ಮೂತಿಯ ತುದಿ ಉಬ್ಬಿದ್ದು, ಬಿಳಿ ಚುಕ್ಕಿಯದು, ಬಿಲ್ಲಿನಂತೆ ದುಂಡು ತಲೆಯ ಮೇಲೆ ಮುಳ್ಳಿನ ಸಾಲಿರುವುದು, ಮೊಳ ದಾಟದ ಸಣ್ಣದು—ಇವು ಆರು. ಏಳನೆಯದು ಆ ಸಣ್ಣದರ ಹಾಗೇ ಇರುತ್ತದೆ, ಆದರೆ ಬೇರೆ ಎಂದಳು.

“ಹೇಗೆ ಬೇರೆ?”

“ನೇವರಿಸಿ ನೋಡು. ಒಂದು ಒರಟು, ಒಂದು ನುಣುಪು. ಕೊಯ್ದರೆ ಒಂದರ ವಾಸನೆ ಬೇರೆ.”

ಅವಳು ತೋರಿಸಿದ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದೆ. ನನಗೆ ಒಂದೇ ಥರ ಕಂಡವು. ಬೇರೆ ಬೇರೆ ಸೀಸೆಗೆ ಹಾಕಿ ಕಳಿಸಿದೆ. ಮೂರು ತಿಂಗಳ ಮೇಲೆ ಫಲಿತಾಂಶ ಬಂತು. ನುಣುಪಿನದರ ಚೂರುಗಳು ನಾವು ಹೋಲಿಸಿ ನೋಡುವ ಯಾವ ದಾಖಲೆಗೂ ಹೊಂದಲಿಲ್ಲ. ಹಾಗೆಂದು ಹೊಸ ಜಾತಿಯೆಂದು ಹೇಳಿಬಿಡುವಂತಿಲ್ಲ. ಇಡೀ ಮೀನು ಬೇಕು, ಗಂಡು ಹೆಣ್ಣು ಮರಿ ಎಲ್ಲ ಬೇಕು, ಸಿಕ್ಕ ಜಾಗ ಬೇಕು. ಹರಾಜಿನ ಅಕ್ಕನಿಗೆ ಹೇಳಿದೆ. ಅವಳಿಗೆ ಆಶ್ಚರ್ಯವೇನೂ ಆಗಲಿಲ್ಲ. ಅವತ್ತಿನಿಂದ ಗಿಟಾರ್ ಮೀನು ಇಳಿದರೆ ನನಗೆ ಫೋನು ಮಾಡತೊಡಗಿದಳು.

ಸಂಕ್ರಾಂತಿ ಕಳೆದ ಮೇಲೆ ಒಂದು ಬದಲಾವಣೆ ಕಂಡೆ. ಸಣ್ಣ ಫೈಬರ್ ದೋಣಿಗಳು ತರುತ್ತಿದ್ದ ಉದ್ದ ಮೂತಿಯ ಮೀನುಗಳು ಹೆಚ್ಚಾಗಿ ತುಂಬಿದ ಬಸುರಿಯರಾಗಿದ್ದವು. ಇವು ಮೊಟ್ಟೆ ಇಡುವ ಮೀನಲ್ಲ, ಮರಿ ಹಾಕುವಂಥವು, ಅದೂ ಬೆರಳೆಣಿಕೆಯಷ್ಟು. ಎಲ್ಲೋ ಹತ್ತಿರದಲ್ಲೇ, ಆಳವಿಲ್ಲದ ನೀರಿನಲ್ಲಿ, ಅವು ಮರಿ ಹಾಕಲು ಬರುತ್ತಿವೆ ಎಂದಾಯಿತು. ಎಲ್ಲಿ ಎಂದು ಯಾರೂ ಹೇಳಲಿಲ್ಲ. ಹರಾಜಿನ ಅಕ್ಕನೇ ಕೊನೆಗೆ ಋಷಿಕೊಂಡದ ಬೆಟ್ಟದ ಆಫೀಸುಗಳನ್ನು ದಾಟಿ ಉತ್ತರಕ್ಕಿರುವ ಒಂದು ಊರಿನ ಮುದುಕನ ಹತ್ತಿರ ಕಳಿಸಿದಳು. ಅವಳ ತಾಯಿಯ ಕಡೆಯ ನೆಂಟ.

ಮೂರು ಸಲ ನಾನು ಹೋದಾಗಲೂ ಮುದುಕ ಬಲೆ ಹೆಣೆಯುತ್ತ ಕೂತಿದ್ದ, ಮಾತಾಡಲಿಲ್ಲ. ನಾಲ್ಕನೆಯ ಸಲ ಎದ್ದು ದೋಣಿ ತಳ್ಳಿದ.

ದಡದಿಂದ ಹೆಚ್ಚು ದೂರವಲ್ಲ. ನೀರಿನ ಬಣ್ಣ ಹಸಿರಿನಿಂದ ತಿಳಿ ಹಾಲುಬಣ್ಣಕ್ಕೆ ತಿರುಗುವಲ್ಲಿ ಎಂಜಿನ್ ನಿಲ್ಲಿಸಿದ. ಕೆಳಗೆ ಮರಳುದಿಣ್ಣೆ. ಇಳಿದರೆ ಸೊಂಟದ ಮಟ್ಟದ ನೀರು. ಮೊದಲಿಗೆ ಏನೂ ಕಾಣಲಿಲ್ಲ. “ಕಾಲು ಎತ್ತಬೇಡ, ಎಳಿ” ಎಂದ. ಪಾದವನ್ನು ಮರಳಿನಲ್ಲಿ ಎಳೆಯುತ್ತ ನಾಲ್ಕು ಹೆಜ್ಜೆ ಹೋದೆ. ನನ್ನ ಮುಂದಿನ ಮರಳೇ ಎದ್ದು ಓಡಿತು. ಗೇಣುದ್ದದ ಮರಿಗಳು. ಹತ್ತಾರು. ಸ್ವಲ್ಪ ದೂರ ಹೋಗಿ ಮತ್ತೆ ಮರಳಿನೊಳಗೆ ಇಳಿದು ಕಣ್ಣು ಮಾತ್ರ ಹೊರಗಿಟ್ಟುಕೊಂಡವು. ಆಚೆ ದೊಡ್ಡ ನೆರಳೊಂದು ನಿಧಾನವಾಗಿ ಸರಿದು ಹೋಯಿತು.

ನಾನು ಜೇಬಿನಿಂದ ಜಿಪಿಎಸ್ ತೆಗೆದು ಅಂಕಿಗಳನ್ನು ಬರೆದುಕೊಂಡೆ. ಮುದುಕ ದೋಣಿಯಿಂದಲೇ ಅದನ್ನು ನೋಡುತ್ತಿದ್ದ.

“ಏನದು ಬರೆಯೋದು?”

“ಜಾಗ ಮರೀಬಾರದಲ್ಲ ತಾತಾ.”

“ನಾನು ನಲವತ್ತು ವರ್ಷದಿಂದ ಬರೆಯದೇ ಇದ್ದೀನಿ. ಮರೆತಿಲ್ಲ” ಎಂದ.

ಏಪ್ರಿಲಿನಲ್ಲಿ ವಿಜಯವಾಡಕ್ಕೆ ಕರೆ ಬಂತು. ಕರಾವಳಿಯ ಮೀನಿನ ಬಗ್ಗೆ ಕೆಲಸ ಮಾಡುವವರೆಲ್ಲ ತಮ್ಮ ತಮ್ಮ ವರದಿ ಹೇಳುವ ಸಭೆ. ನಮ್ಮ ಮುಖ್ಯಸ್ಥರು, “ನಕ್ಷೆ ಹಾಕಿ ಹೇಳು, ಅದಕ್ಕೇ ಬೆಲೆ” ಎಂದರು. ಬೆಳಗಿನ ರೈಲು ಹಿಡಿದು, ತುನಿ, ರಾಜಮಂಡ್ರಿ, ಏಲೂರು ದಾಟಿ ಮಧ್ಯಾಹ್ನದ ಹೊತ್ತಿಗೆ ಇಳಿದೆ. ಪ್ಲಾಟ್‌ಫಾರ್ಮಿನ ಕಲ್ಲು ಚಪ್ಪಲಿಯೊಳಗಿಂದಲೂ ಸುಡುವ ಬಿಸಿಲು. ಸಭೆಯ ಹಾಲಿನಲ್ಲಿ ಎಸಿಯ ಚಳಿಗೆ ದುಪಟ್ಟಾ ಹೊದ್ದುಕೊಂಡೆ. ನಾನು ಚೆನ್ನಾಗಿ ಮಾತಾಡಿದೆ. ಆರು ಬಗೆಯ ಚಿತ್ರಗಳನ್ನು ತೋರಿಸಿದೆ, ಏಳನೆಯದಿರಬಹುದೆಂದೆ, ಕೊನೆಗೆ ಪರದೆಯ ಮೇಲೆ ನಕ್ಷೆ ಬಂದಾಗ ಕೋಲಿನಿಂದ ಕೆಂಪು ಚುಕ್ಕಿಯನ್ನು ಮುಟ್ಟಿ, ಅವು ಮರಿ ಹಾಕುವ ಜಾಗ ಇದು ಎಂದೆ. ಸಭೆ ಚಪ್ಪಾಳೆ ತಟ್ಟಿತು. ಕೆಲವರು ಮೊಬೈಲ್ ಎತ್ತಿ ಫೋಟೋ ತೆಗೆದುಕೊಂಡರು. ಆಗೆಲ್ಲ ಅದು ಗೌರವವೆಂದೇ ನನಗನ್ನಿಸುತ್ತಿತ್ತು.

ಚಹಾದ ಹೊತ್ತಿಗೆ ಒಬ್ಬರು ಹತ್ತಿರ ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಎಲ್ಲರಂತೆ ಕೊರಳಲ್ಲಿ ಸಭೆಯ ಕಾರ್ಡು, ಕಾರ್ಡಿನ ಹೆಸರಿನ ಭಾಗ ತಿರುಗಿತ್ತು.

“ತುಂಬಾ ಚೆನ್ನಾಗಿ ಹೇಳಿದಿರಿ ಮೇಡಂ ಗಾರು. ಒಂದು ಸಣ್ಣ ಅನುಮಾನ. ಅವು ದಿಣ್ಣೆಗೆ ಬರೋದು ಸಂಕ್ರಾಂತಿಗೆ ಮೊದಲೋ ಆಮೇಲೋ?”

“ಆಮೇಲೆ. ಯುಗಾದಿವರೆಗೂ ಇರ್ತವೆ.”

“ದೊಡ್ಡವು ಬೆಳಿಗ್ಗೆ ಇರ್ತವಾ, ಸಂಜೆನಾ?”

ಅದಕ್ಕೂ ಉತ್ತರ ಹೇಳಿದೆ. ಭರತದ ನೀರಿನೊಂದಿಗೆ ಒಳಗೆ ಬರುತ್ತವೆ, ಇಳಿತಕ್ಕೆ ಹೊರಗೆ ಸರಿಯುತ್ತವೆ ಎಂದೆ. ಅವರು ಕೈ ಮುಗಿದು ಹೋದರು. ಯಾರ ಕಡೆಯವರೆಂದು ನಾನು ಕೇಳಲಿಲ್ಲ.

ಬೇಸಿಗೆಯ ಮೀನುಗಾರಿಕೆ ನಿಷೇಧ ಬಂತು, ಮಳೆ ಬಂತು, ದೋಣಿಗಳು ಮತ್ತೆ ಹೋದವು. ಆ ವರ್ಷದ ಡಿಸೆಂಬರಿನಲ್ಲಿ ಮುದುಕ ತಾನಾಗಿ ಫೋನು ಮಾಡಿಸಿ ಕರೆಸಿದ. ದಿಣ್ಣೆಯಿಂದ ಒಂದು ಗಂಟೆ ದೂರ, ಕೊರಕಲೊಂದು ಸಮುದ್ರ ಸೇರುವಲ್ಲಿ ಇನ್ನೊಂದು ಜಾಗ ತೋರಿಸಿದ. ಅಲ್ಲಿ ಇದ್ದದ್ದು ಸಣ್ಣ ಮೀನುಗಳು. ಬಗ್ಗಿ ಒಂದನ್ನು ಹಿಡಿದು ನೇವರಿಸಿದೆ. ನುಣುಪು. ಗಂಡು, ಹೆಣ್ಣು, ಬಸುರಿ, ಮರಿ, ಎಲ್ಲವೂ ಒಂದೇ ಕಡೆ. ಹರಾಜಿನ ಅಕ್ಕನ ಏಳನೆಯದು. ಸತ್ತು ತೇಲುತ್ತಿದ್ದ ಒಂದು ಮರಿಯ ಚೂರು, ಬಿಟ್ಟುಬಿಟ್ಟ ನಾಲ್ಕರ ರೆಕ್ಕೆಯಂಚಿನ ಚೂರು ತಂದೆ. ಜಾಗದ ಅಂಕಿಗಳನ್ನು ಹಾಳೆಯಲ್ಲಿ ಬರೆದೆ. ಮರುದಿನವೇ ಜ್ವರ ಹಿಡಿದು ಮೂರು ವಾರ ಮಲಗಿದೆ. ಹಾಗಾಗಿ ಪ್ರತಿ ಶನಿವಾರ ಕಂಪ್ಯೂಟರಿಗೆ ಏರಿಸಿ ಎಲ್ಲರೂ ನೋಡುವ ಕಡತಕ್ಕೆ ಸೇರಿಸಬೇಕಾದ ವಿವರಗಳಲ್ಲಿ ಆ ಒಂದು ಹಾಳೆ ಉಳಿದುಕೊಂಡಿತು.

ಆ ಜ್ವರದಲ್ಲಿ ನನಗೆ ಗಂಜಿ ಮಾಡಿಕೊಟ್ಟವರು ಎದುರು ಮನೆಯ ಬಾಗಲಕೋಟೆ ಕಡೆಯ ಹೆಂಗಸು. ಗಂಡ ನೌಕಾಪಡೆಯಲ್ಲಿ, ವರ್ಷದಲ್ಲಿ ಅರ್ಧ ಕಾಲ ಸಮುದ್ರದ ಮೇಲೆ. ಅವರ ಇಬ್ಬರು ಮಕ್ಕಳು ನನ್ನೊಡನೆ ತೆಲುಗಿನಲ್ಲೇ ಮಾತಾಡುತ್ತಿದ್ದರು. ಮನೆಯಲ್ಲಿ ಕನ್ನಡಕ್ಕೆ ಜೊತೆ ಇಲ್ಲವೆಂದು ಆಕೆ ನನ್ನನ್ನು ಹಿಡಿದು ಕೂರಿಸಿಕೊಳ್ಳುತ್ತಿದ್ದರು.

ಸಂಕ್ರಾಂತಿ ಕಳೆದು ಹತ್ತು ದಿನಕ್ಕೆ, ಬೆಳಿಗ್ಗೆ ಹರಾಜಿನ ಅಕ್ಕನ ಫೋನು. “ಬಾ” ಎಂದಳು. ಬೇರೆ ಮಾತಿಲ್ಲ.

ಕಟ್ಟೆಯ ಮೇಲೆ ಉದ್ದಕ್ಕೆ ಮಲಗಿಸಿದ್ದರು. ಉದ್ದ ಮೂತಿಯವೇ, ಎಲ್ಲ ದೊಡ್ಡ ಹೆಣ್ಣುಗಳು. ಇಪ್ಪತ್ತರವರೆಗೆ ಎಣಿಸಿ ನಿಲ್ಲಿಸಿದೆ. ಒಂದಕ್ಕೂ ರೆಕ್ಕೆ ಇರಲಿಲ್ಲ. ಬೆನ್ನ ಮೇಲೆ ಎರಡೆರಡು ಬಿಳಿ ಗಾಯ, ಬಾಲವಿದ್ದಲ್ಲಿ ಒಂದು. ಕೆಲವನ್ನು ಸೀಳಿದ್ದರು. ಒಳಗಿನಿಂದ ಹೊರಬಿದ್ದ ಮರಿಗಳು ಒದ್ದೆ ಸಿಮೆಂಟಿನ ಮೇಲೆ ಬಿದ್ದಿದ್ದವು. ಒಂದನ್ನು ಎತ್ತಿಕೊಂಡು ನೋಡಿದೆ. ಹೊಟ್ಟೆಗೆ ಅಂಟಿರಬೇಕಾದ ಹಳದಿ ಚೀಲ ಕರಗಿ ಹೋಗಿತ್ತು. ಅಂದರೆ ಇನ್ನೆರಡು ದಿನದಲ್ಲಿ ಈಜಬೇಕಾದ ಮರಿ. ಟೇಪು ತೆಗೆದೆ. ಅಳೆದೆ. ಬರೆದೆ. ಎರಡನೆಯದನ್ನೂ ಅಳೆದೆ. ಕೈ ತಾನಾಗಿ ಕೆಲಸ ಮಾಡುತ್ತಿತ್ತು. ಮೂರನೆಯದರ ಬಾಲ ಸಣ್ಣಗೆ ಅಲುಗಿತು.

ಹರಾಜಿನ ಅಕ್ಕ ಅವತ್ತು ಕೂಗು ಹಾಕಿರಲಿಲ್ಲ. ಬೇರೆ ಯಾರೋ ಕೂಗುತ್ತಿದ್ದರು. ಅವಳು ನನ್ನ ತೋಳು ಹಿಡಿದು ಐಸಿನ ಪೆಟ್ಟಿಗೆಗಳ ಹಿಂದೆ ಕರೆದುಕೊಂಡು ಹೋದಳು.

“ಎಲ್ಲಿಯವು ಗೊತ್ತಾ ಅಮ್ಮಾಯಿ?”

“ಗೊತ್ತಿಲ್ಲಕ್ಕಾ.”

“ನಿನ್ನ ದಿಣ್ಣೆಯವು.”

“ಯಾರು ಹೇಳಿದ್ರು ಇವರಿಗೆ?”

ಅವಳು ದೋಣಿ ನಡೆಸುವ ಸಾರಂಗುವೊಬ್ಬನನ್ನು ಕೂಗಿ ಫೋನು ಇಸಿದುಕೊಂಡು ನನ್ನ ಕೈಗೆ ಕೊಟ್ಟಳು. ಪರದೆಯ ಮೇಲೆ ನನ್ನ ಚಿತ್ರ. ನೀಲಿ ಕುರ್ತಾ ಹಾಕಿಕೊಂಡು ನಗುತ್ತ ನಿಂತಿದ್ದೇನೆ. ಕೈಯಲ್ಲಿ ಕೋಲಿದೆ. ಕೋಲಿನ ತುದಿ ಕೆಂಪು ಚುಕ್ಕಿಯ ಮೇಲಿದೆ. ನಕ್ಷೆಯ ಅಂಚಿನ ಅಂಕಿಗಳು ಸ್ಪಷ್ಟವಾಗಿ ಓದಲು ಬರುತ್ತಿದ್ದವು.

ಸಾರಂಗುವಿಗೆ ನನ್ನ ಗುರುತು ಸಿಕ್ಕಿತು. ಅವನ ಮುಖದಲ್ಲಿ ಕೆಟ್ಟದ್ದೇನೂ ಇರಲಿಲ್ಲ. “ನೀವೇ ಅಲ್ವಾ ಮೇಡಂ?” ಎಂದ ಸಂತೋಷದಿಂದ. “ಸರಿಯಾಗಿ ಅಲ್ಲೇ ಇದ್ದವು.”

ಆ ದಿನ ನಾನು ಉಳಿದ ಮೀನುಗಳನ್ನು ಅಳೆಯಲಿಲ್ಲ. ಮರುದಿನವೂ ಬಂದವು, ಅದರ ಮರುದಿನವೂ. ನಾಲ್ಕನೆಯ ದಿನ ಕಡಿಮೆ ಬಂದವು. ವಾರ ಕಳೆಯುವಷ್ಟರಲ್ಲಿ ಏನೂ ಬರಲಿಲ್ಲ. ಏನೂ ಬಾರದ ಆ ಬೆಳಿಗ್ಗೆಯೇ ನನಗೆ ಹೆಚ್ಚು ಹೆದರಿಕೆಯಾದದ್ದು.

ಮುದುಕನ ಊರಿಗೆ ಹೋದೆ. ಬೈಯುತ್ತಾನೆ ಎಂದುಕೊಂಡಿದ್ದೆ. ಬಲೆಯ ಮೇಲಿನ ಕೈ ನಿಲ್ಲಿಸದೆ, “ನನ್ನ ತಮ್ಮನಿಗೂ ಹೇಳಿರಲಿಲ್ಲ. ನಿನಗೆ ಹೇಳಿದೆ. ಓದಿದವಳು, ಏನಾದರೂ ಮಾಡ್ತಾಳೆ ಅಂತ” ಎಂದ. ಆಮೇಲೆ ಕೇಳಿದ: “ಇನ್ನೊಂದು ಜಾಗಾನೂ ಬರೆದಿಯಾ?”

“ಹಾಳೆಯಲ್ಲಿ ಬರೆದಿದ್ದೀನಿ ತಾತಾ. ಯಾರಿಗೂ ಕೊಟ್ಟಿಲ್ಲ.”

ಅವನು ಬಲೆಯ ಮುಂದಿನ ಗಂಟು ಹಾಕಿದ.

ಫೆಬ್ರವರಿಯ ಒಂದು ಸಂಜೆ ಕೋಣೆಗೆ ಬಂದಾಗ ಎದುರು ಮನೆಯವರು ಬಾಗಿಲಲ್ಲೇ ಕಾಯುತ್ತಿದ್ದರು.

“ಅಕ್ಕಾರ, ಯಾರೋ ನಿಮ್ಮನ್ನ ಕೇಳ್ಕೊಂಡ ಬಂದಿದ್ರು. ನಿಮ್ಮ ಆಫೀಸಿನವರಂತ.”

“ಎಂತ ಕೇಳಿದ್ರು?”

“ಮೇಡಂ ಈಗ ಎಲ್ಲಿಗೆ ಹೊಕ್ಕಾರ, ಯಾವ ಕಡೆ ದೋಣಿ ತಗೊಂತಾರ ಅಂತ. ನಾ ನನಗೇನ ಗೊತ್ತಿಲ್ಲ ಅಂದೆ. ಭಾಳ ಮರ್ಯಾದಿ ಮನುಷ್ಯಾ, ಮಕ್ಕಳಿಗೆ ಚಾಕಲೇಟ್ ಕೊಟ್ಟು ಹೋದ. ನನಗ್ಯಾಕೋ ಸರಿ ಅನಸಲಿಲ್ರಿ. ಮಕ್ಕಳ ಕೈಯಾಗಿಂದ ಇಸ್ಕೊಂಡ ಒಗದಬಿಟ್ಟೆ.”

“ಬಿಳಿ ಅಂಗಿಯಾ?”

“ಹೌದ್ರಿ. ಇಸ್ತ್ರಿ ಮಡಿಕಿ ಮುರದಿಲ್ಲ.”

ನಮ್ಮ ಆಫೀಸಿನಿಂದ ಯಾರೂ ಬಂದಿರಲಿಲ್ಲ. ವಾರ ಕಳೆದ ಮೇಲೆ ಗುರುತಿಲ್ಲದ ನಂಬರಿನಿಂದ ಫೋನು ಬಂತು. ನಯವಾದ ತೆಲುಗು. “ಆರೋಗ್ಯ ಹೇಗಿದೆ ಮೇಡಂ ಗಾರು? ಜ್ವರ ಇತ್ತಂತೆ. ಕೊನೆಯ ವರದಿ ಯಾವಾಗ ಹೋಗುತ್ತೆ?” ನಾನು ಯಾರು ಎಂದು ಕೇಳಿದೆ. ಫೋನು ಇಟ್ಟುಬಿಟ್ಟರು. ಬೆದರಿಕೆಯ ಒಂದು ಮಾತೂ ಇರಲಿಲ್ಲ. ಅವತ್ತಿನಿಂದ ಬಂದರಿಗೆ ಹೋಗುವಾಗ ಒಂದೇ ದಾರಿ ಹಿಡಿಯುವುದನ್ನು ಬಿಟ್ಟೆ.

ಮಾರ್ಚ್ ಕೊನೆಗೆ ವರದಿ ಸಲ್ಲಿಸಬೇಕಿತ್ತು. ಅದಕ್ಕೆ ಮೊದಲು ಒಂದು ಪ್ರಯತ್ನ ಮಾಡೋಣವೆಂದು ಮುಖ್ಯಸ್ಥರ ಅನುಮತಿ ತೆಗೆದುಕೊಂಡು ವಿಜಯವಾಡಕ್ಕೆ ಹೋಗಿ, ಈ ವಿಷಯ ನೋಡಿಕೊಳ್ಳುವ ಅಧಿಕಾರಿಯನ್ನು ಕಂಡೆ. ನಿವೃತ್ತಿ ಹತ್ತಿರವಿದ್ದ ಮನುಷ್ಯ. ನಾನು ತೆಗೆದುಕೊಂಡು ಹೋಗಿದ್ದ ಫೋಟೋಗಳನ್ನು ಒಂದೊಂದಾಗಿ ನೋಡಿದರು. ಮರಿಗಳ ಫೋಟೋ ಬಂದಾಗ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಏನು ಮಾಡಬೇಕು ಅಂತೀರಿ ಅಮ್ಮಾ?”

“ಸಂಕ್ರಾಂತಿಯಿಂದ ಯುಗಾದಿವರೆಗೆ ಆ ಕರಾವಳಿಯ ಉದ್ದಕ್ಕೂ, ದಡಕ್ಕೆ ಹತ್ತಿರ, ದೊಡ್ಡ ಕಣ್ಣಿನ ಬಲೆ ಬಿಡಬಾರದು ಅಂತ ಆದೇಶ ಆಗಬೇಕು ಸರ್. ಒಂದು ಜಾಗದ ಹೆಸರು ಹೇಳದೆ.”

“ಅಷ್ಟು ಉದ್ದ ಮುಚ್ಚಿದರೆ ಎಷ್ಟು ಊರು ಕೆಲಸ ಬಿಟ್ಟು ಕೂರಬೇಕು? ಅವರು ನನ್ನ ಬಾಗಿಲಿಗೆ ಬರ್ತಾರೆ, ಬರಬೇಕಾದದ್ದೇ. ನನಗೆ ಜಾಗ ಹೇಳಿ. ಇಷ್ಟು ಅಕ್ಷಾಂಶ, ಇಷ್ಟು ರೇಖಾಂಶ. ಅಷ್ಟನ್ನು ಮಾತ್ರ ಮುಚ್ಚಿಸ್ತೀನಿ.”

“ಆದೇಶ ಪ್ರಕಟ ಆಗುತ್ತಾ ಸರ್?”

“ಪ್ರಕಟ ಆಗದಿದ್ದರೆ ಅದು ಆದೇಶ ಹೇಗೆ ಆಗುತ್ತೆ?”

“ಕಾಯೋರು ಯಾರು?”

ಅವರು ಕಿಟಕಿಯ ಕಡೆ ನೋಡಿದರು. ಗಸ್ತಿಗೆ ಒಂದು ದೋಣಿ ಇದೆ, ಅದು ಇಷ್ಟು ಉದ್ದದ ತೀರಕ್ಕೆಲ್ಲ ಒಂದೇ ಎಂದರು. ಸುಳ್ಳು ಭರವಸೆ ಕೊಡಲಿಲ್ಲ. ಅದಕ್ಕಾಗಿ ಅವರ ಮೇಲೆ ನನಗೆ ಇವತ್ತಿಗೂ ಗೌರವವಿದೆ. ಅವರ ಮಾತಿನಲ್ಲಿ ತಪ್ಪು ಹುಡುಕಲೂ ಆಗಲಿಲ್ಲ. ಜಾಗ ಹೇಳದೆ ಯಾವುದನ್ನೂ ಉಳಿಸಲಾಗದು. ಹೇಳಿದರೆ ಏನಾಗುತ್ತದೆಂದು ನಾನು ನೋಡಿ ಬಂದಿದ್ದೆ.

ಎದ್ದು ನಿಂತಾಗ ಅವರೇ ನೆನಪಿಸಿಕೊಂಡು ಕೇಳಿದರು: “ಅಂದಹಾಗೆ ಎರಡನೇ ಜಾಗ ಒಂದಿದೆಯಂತಲ್ಲ?”

ಎತ್ತಿಕೊಂಡ ಚೀಲವನ್ನು ಮತ್ತೆ ಕುರ್ಚಿಯ ಮೇಲಿಟ್ಟೆ. “ಯಾರು ಹೇಳಿದ್ರು ಸರ್?”

“ಯಾರೋ ಫೋನು ಮಾಡಿದ್ದರು, ರಫ್ತು ಮಾಡುವವರ ಕಡೆಯಿಂದ ಅಂತ. ಎರಡನೇದೂ ಸೇರಿ ಮರಿ ಹಾಕುವ ಜಾಗಗಳ ಪೂರ್ತಿ ಪಟ್ಟಿ ಯಾವಾಗ ಬರುತ್ತೆ, ನಾವೂ ಸಹಕಾರ ಕೊಡ್ತೀವಿ ಅಂದರು. ನನಗೂ ಗೊತ್ತಿಲ್ಲ ಅಂದೆ.”

ಮುದುಕ ಹೇಳಿರಲಾರ. ಹರಾಜಿನ ಅಕ್ಕನಿಗೆ ಜಾಗವೇ ಗೊತ್ತಿರಲಿಲ್ಲ. ಡಿಸೆಂಬರಿನಲ್ಲಿ ನಮ್ಮ ದೋಣಿ ಹೊರಟದ್ದನ್ನು ದಡದಿಂದ ಯಾರೋ ನೋಡಿರಬೇಕು. ದಿಕ್ಕು ಕಂಡಿದೆ, ಜಾಗ ಸಿಕ್ಕಿಲ್ಲ. ಅದಕ್ಕೇ ವರದಿಗಾಗಿ ಕಾಯುತ್ತಿದ್ದಾರೆ. ಮೇಜಿನ ಈಚೆ ನಿಂತು ಇಷ್ಟನ್ನು ಲೆಕ್ಕ ಹಾಕಲು ನನಗೆ ಎಷ್ಟು ಹೊತ್ತು ಹಿಡಿಯಿತೋ ಗೊತ್ತಿಲ್ಲ. ಅಧಿಕಾರಿ ನನ್ನ ಮುಖ ನೋಡುತ್ತಿದ್ದರು.

“ಇಲ್ಲ ಸರ್” ಎಂದೆ. “ಒಂದೇ ಜಾಗ. ಅದು ಮುಗಿದುಹೋಯ್ತು.”

ಕೆಲಸದ ವಿಷಯದಲ್ಲಿ ನಾನು ಹೇಳಿದ ಮೊದಲ ಸುಳ್ಳು ಅದು. ಅವರು ನಂಬಿದರೋ, ನಂಬಿದಂತೆ ಮಾಡಿದರೋ, ತಲೆಯಾಡಿಸಿ ಫೋಟೋಗಳನ್ನು ಜೋಡಿಸಿ ಹಿಂದಿರುಗಿಸಿದರು.

ಆದರೆ ಒಂದು ಜಾಗವನ್ನು ಮುಚ್ಚಿಡುವುದು ಒಂದು ಸಾಲು ಅಳಿಸಿದಷ್ಟು ಸುಲಭವಲ್ಲ. ಆ ಐದು ಸೀಸೆಗಳಿದ್ದವಲ್ಲ, ನುಣುಪು ಮೀನಿನವು. ಅವುಗಳ ಫಲಿತಾಂಶ ಆಗಲೇ ಬಂದಿತ್ತು: ಬಂದರಿನಲ್ಲಿ ಸಿಕ್ಕಿದ್ದಕ್ಕೆ ಸರಿಯಾಗಿ ಹೊಂದಿದವು. ಬಂದರಿನ ಚೂರುಗಳು ಎಲ್ಲಿಯ ಮೀನಿನವೆಂದು ಗೊತ್ತಿರಲಿಲ್ಲ; ಏಳನೆಯದು ನಿಜವೆಂದು ತೋರಿಸಲು ನನ್ನ ಬಳಿ ಇದ್ದ ಪುರಾವೆಯೆಲ್ಲ ಆ ಕೊರಕಲಿನದು. ಪುರಾವೆ ಕೊಟ್ಟರೆ ಜಾಗ ಕೇಳುತ್ತಾರೆ. ಜಾಗ ಇಲ್ಲದ ಮಾದರಿ ಮಾದರಿಯೇ ಅಲ್ಲವೆಂದು, ಈ ಕೆಲಸಕ್ಕೆ ಬರುವ ಮೊದಲು ಪಾಠ ಮಾಡುವಾಗ, ವಿದ್ಯಾರ್ಥಿಗಳಿಗೆ ಹೇಳಿಕೊಟ್ಟವಳು ನಾನೇ. ಬೇರೆ ಜಾಗದ ಅಂಕಿ ಬರೆಯಬಹುದಿತ್ತು. ಆ ಬೇರೆ ಜಾಗಕ್ಕೆ ದೋಣಿಗಳು ಹೋಗುತ್ತಿದ್ದವು. ಎರಡು ದಿನ ಕೋಣೆಯಿಂದ ಹೊರಗೆ ಬರಲಿಲ್ಲ. ನನ್ನ ಹೆಸರು ಉಳಿಯಬಹುದಾದ ಕೆಲಸವೊಂದಿದ್ದರೆ ಅದು ಇದೇ ಆಗಿತ್ತು, ಅದನ್ನು ಇಲ್ಲವೆನ್ನುವುದಿಲ್ಲ.

ಮೂರನೆಯ ದಿನ ಏಳನೆಯದನ್ನು ವರದಿಯಿಂದ ತೆಗೆದೆ. ಹಾಳೆಯನ್ನು ಬಕೆಟ್ಟಿನ ನೀರಿನಲ್ಲಿ ನೆನೆಸಿ, ಶಾಯಿ ಕದಡಿದ ಮೇಲೆ ಹಿಂಡಿ ಹರಿದು ಹಾಕಿದೆ. ಜಿಪಿಎಸ್‌ನಲ್ಲಿದ್ದದ್ದನ್ನು ಅಳಿಸಿದೆ. ಸೀಸೆಗಳ ನಂಬರಿನ ಮುಂದೆ ‘ಮಾದರಿ ಕೆಟ್ಟಿದೆ’ ಎಂದು ಬರೆದೆ. ಮುಖ್ಯಸ್ಥರು ಕರೆಸಿ ಕೇಳಿದರು. ಕಳೆದ ವರ್ಷ ಸಭೆಯಲ್ಲಿ ಏಳಿರಬಹುದೆಂದವಳು ಈಗ ಆರು ಎಂದರೆ ಹೇಗೆ? ನನ್ನ ಅವಸರದ ತಪ್ಪು ಎಂದೆ. ಅವರು ಕಡತ ಮುಚ್ಚಿ, “ಗುತ್ತಿಗೆ ಮುಂದುವರಿಸೋದು ಕಷ್ಟ ಆಗುತ್ತೆ” ಎಂದರು. ಮುಂದುವರಿಯಲಿಲ್ಲ.

ಹೊರಡುವ ಮೊದಲು ಬಂದರಿಗೆ ಹೋಗಿ ಹರಾಜಿನ ಅಕ್ಕನನ್ನು ಕಂಡೆ. ಅಚ್ಚಾದ ವರದಿಯ ಚಿತ್ರಗಳನ್ನು ಅವಳೇ ಬೆರಳಿನಿಂದ ಎಣಿಸಿದಳು.

“ನನ್ನ ಏಳನೇದು ಎಲ್ಲಿ ಅಮ್ಮಾಯಿ?”

“ಹಾಕಲಿಲ್ಲ ಅಕ್ಕಾ.”

ಅವಳು ನನ್ನನ್ನು ನೋಡಿದಳು. ಕಟ್ಟೆಯ ಆಚೆ ಬದಿಯಲ್ಲಿ ರೆಕ್ಕೆ ಕೊಳ್ಳುವವರ ಮನುಷ್ಯ ಚೀಲ ಹಿಡಿದು ನಿಂತಿದ್ದ. ಅವನ ಕಡೆಗೂ ಒಮ್ಮೆ ನೋಡಿ, ವರದಿಯನ್ನು ಮಡಚಿ ನನ್ನ ಕೈಗಿಟ್ಟಳು.

“ಬಿಡು, ನನ್ನ ಎಣಿಕೆ ತಪ್ಪಿರಬೇಕು” ಎಂದಳು, ಎಲ್ಲರಿಗೂ ಕೇಳುವಂತೆ.

ಈಗ ನಾನು ವಿಜಯವಾಡದಲ್ಲಿದ್ದೇನೆ, ಕೆರೆ ಮೀನಿಗೆ ರೋಗ ಬಂದರೆ ಪರೀಕ್ಷೆ ಮಾಡುವ ಒಂದು ಖಾಸಗಿ ಪ್ರಯೋಗಾಲಯದಲ್ಲಿ. ಕಳೆದ ಜನವರಿಯಲ್ಲಿ, ಸಂಕ್ರಾಂತಿಯ ರಜೆಗೆ ಸೇರಿಸಿ ಎರಡು ದಿನ ರಜೆ ಹಾಕಿ ವಿಶಾಖಪಟ್ಟಣಕ್ಕೆ ಹೋದೆ. ಯಾರಿಗೂ ಹೇಳಿರಲಿಲ್ಲ. ಕೊರಕಲಿನ ಬಾಯಲ್ಲಿ ಅವು ಇನ್ನೂ ಇವೆಯೇ ಎಂದು ಒಮ್ಮೆ ನೋಡಿದರೆ ಸಾಕಿತ್ತು. ಊರ ಬಸ್ಸು ಹತ್ತಿ ಹಿಂದಿನ ಸೀಟಿನಲ್ಲಿ ಕೂತೆ. ಋಷಿಕೊಂಡ ದಾಟಿದ ಮೇಲೆ ಹಿಂದಿನ ಗಾಜಿನಲ್ಲಿ ಒಂದು ಬೈಕು ಕಂಡಿತು. ಬಸ್ಸು ನಿಂತಲ್ಲೆಲ್ಲ ಅದೂ ನಿಲ್ಲುತ್ತಿತ್ತು. ಹೆಲ್ಮೆಟ್ಟು ಹಾಕಿದ್ದರಿಂದ ಮುಖ ಕಾಣಲಿಲ್ಲ.

ಮುದುಕನ ಊರಲ್ಲಿ ಇಳಿದೆ. ಚಹಾದಂಗಡಿಯ ಬೆಂಚಿನ ಮೇಲೆ ಮುದುಕ ಕೂತಿದ್ದ. ಇನ್ನೂ ಸೊರಗಿದ್ದ. ನಾನು ಅವನ ಕಡೆ ಎರಡು ಹೆಜ್ಜೆ ಇಟ್ಟೆ. ಅವನ ಕಣ್ಣು ನನ್ನನ್ನು ದಾಟಿ ರಸ್ತೆಯಾಚೆ, ಹುಣಸೆ ಮರದ ಕೆಳಗೆ ನಿಂತ ಬೈಕಿನ ಮೇಲೆ ಹೋಯಿತು. ಆಮೇಲೆ ಗುರುತಿಲ್ಲದವರನ್ನು ಕೇಳುವ ಹಾಗೆ ಕೇಳಿದ:

“ಯಾರ ಮನೆಗೆ ಬಂದಿದ್ದಮ್ಮಾ?”

“ತಪ್ಪಿ ಇಳಿದುಬಿಟ್ಟೆ” ಎಂದೆ. “ವಾಪಸ್ ಬಸ್ಸು ಎಷ್ಟೊತ್ತಿಗೆ?”

“ಇದೇ ತಿರುಗುತ್ತೆ. ಕೂತ್ಕೋ, ಚಹಾ ಕುಡಿ.”

ಕುಡಿದೆ. ಅಲ್ಲಿಂದ ಸಮುದ್ರ ಕಾಣುವುದಿಲ್ಲ, ಸದ್ದು ಮಾತ್ರ ಕೇಳುತ್ತದೆ. ಅವು ಇವೆಯೋ ಇಲ್ಲವೋ ಎಂದು ಅವನನ್ನು ಕೇಳುವ ಹಾಗಿರಲಿಲ್ಲ. ಅವನು ಹೇಳುವ ಹಾಗೂ ಇರಲಿಲ್ಲ. ಬೈಕಿನವನು ಬಿಳಿ ಅಂಗಿಯವರ ಕಡೆಯವನೋ, ಯಾರಿಗೋ ಕಾಯುತ್ತಿದ್ದ ಯಾವುದೋ ಊರಿನವನೋ, ಅದೂ ನನಗೆ ಗೊತ್ತಿಲ್ಲ. ಬಸ್ಸು ತಿರುಗಿ ಹಾರ್ನ್ ಹಾಕಿತು. ಹತ್ತಿ ಕೂತೆ. ಊರು ಮರೆಯಾಗುವವರೆಗೂ ಹಿಂದಿನ ಗಾಜಿನಿಂದ ನೋಡುತ್ತಿದ್ದೆ. ಬೈಕು ನಮ್ಮ ಹಿಂದೆ ಬರಲಿಲ್ಲ. ಹುಣಸೆ ಮರದ ಕೆಳಗೇ ನಿಂತಿತ್ತು.